ನಡುಗಡ್ಡೆಯಲ್ಲಿ ಕಟ್ಟಿದ ಖಣಗಳು

ಆ ಬೇಸಿಗೆ ನಡುಗಡ್ಡೆಯ ಮೇಲೆ ಸತ್ತ ಮೊಟ್ಟೆಗಳಿಗೆ ಕಾರಣ ನಾನು. ಊರ ಜನ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಹೇಳಿದವರೂ ಇದ್ದಾರೆ. ಊರ ಜನ ಒಂದು ಮೊಟ್ಟೆಯನ್ನೂ ಮುಟ್ಟಲಿಲ್ಲ.

ಹಂಪಿ ದಾಟಿ ಕಂಪ್ಲಿಯ ಕಡೆ ಹರಿಯುವಾಗ ತುಂಗಭದ್ರೆ ಒಂದು ಕಡೆ ಎರಡು ಸೀಳಾಗಿ, ಸ್ವಲ್ಪ ದೂರ ಹೋಗಿ ಮತ್ತೆ ಕೂಡುತ್ತದೆ. ಆ ಎರಡು ಸೀಳಿನ ನಡುವೆ ಇರುವುದೇ ಗಡ್ಡೆ. ಮಳೆಗಾಲದಲ್ಲಿ ಅದರ ಬಂಡೆಗಳ ತಲೆ ಮಾತ್ರ ಕಾಣುತ್ತದೆ. ಶಿವರಾತ್ರಿ ಕಳೆದ ಮೇಲೆ ನೀರು ಇಳಿದು ಮರಳು ಮೇಲೆ ಬರುತ್ತದೆ. ಯುಗಾದಿಯ ಹೊತ್ತಿಗೆ ನಮ್ಮ ದಡದ ಕಡೆ ನೀರು ಮೊಣಕಾಲಿಗೆ ಬಂದಿರುತ್ತದೆ, ಹೆಂಗಸರು ಸೀರೆ ಎತ್ತಿ ಕಟ್ಟಿ ದಾಟಬಹುದು. ಆ ಮರಳಿನಲ್ಲಿ ಬೆಳ್ಳಗಿನ ಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ತಲೆ ಕಪ್ಪು, ಕೊಕ್ಕು ಅರಿಸಿನ ಬಣ್ಣ, ಬಾಲ ಕತ್ತರಿಯ ಹಾಗೆ ಸೀಳಿರುತ್ತದೆ. ನಾವು ಹೊಳೆಹಕ್ಕಿ ಅನ್ನುತ್ತೇವೆ. ಪುಸ್ತಕದಲ್ಲಿ ರೀವ ಎಂದು ಬರೆದಿದೆಯಂತೆ.

ಪುಸ್ತಕದ ಹೆಸರು ಹೇಳಿಕೊಟ್ಟವಳು ಹಕ್ಕಿಗಳ ಬಗ್ಗೆ ಓದುವ ಒಬ್ಬ ಹುಡುಗಿ. ಮೈಸೂರು ಕಡೆಯವಳು. ಬೇಸಿಗೆಯಲ್ಲಿ ಕಡ್ಡಿರಾಂಪುರದಲ್ಲಿ ಒಂದು ಕೋಣೆ ಹಿಡಿದು, ಬೆಳಕು ಹರಿಯುವ ಮುಂಚೆ ಸ್ಕೂಟರ್ ಹತ್ತಿ ನಮ್ಮೂರಿಗೆ ಬರುತ್ತಿದ್ದಳು. ನನ್ನ ಗಂಡ ಹರಿಗೋಲು ಹೆಣೆಯುವವನು. ಅವನು ಸತ್ತ ಮೇಲೆ ಹರಿಗೋಲು ಹೆಣೆಯುವುದು ನಿಂತಿತು, ನಡೆಸುವುದು ನಿಲ್ಲಲಿಲ್ಲ. ಆಕೆಯನ್ನೂ ಆಕೆಯ ಸಾಮಾನನ್ನೂ ಗಡ್ಡೆಗೆ ದಾಟಿಸುವುದು, ಅಡುಗೆ ಮಾಡುವುದು, ಆಕೆ ಇಲ್ಲದ ದಿನ ನಾಯಿ ಬಾರದ ಹಾಗೆ ಕಾಯುವುದು ನನ್ನ ಕೆಲಸ. ಸಂಜೆ ಶಾಲೆಯಲ್ಲಿ ಕಲಿತ ಅಂಕಿ ನನಗೆ ಬರುತ್ತಿತ್ತು. ಹಾಗಾಗಿ ಗೂಡಿನ ನಂಬರು ಬರೆಯುವ ಪುಸ್ತಕವನ್ನೂ ನನ್ನ ಕೈಗೆ ಕೊಟ್ಟಳು.

ಗೂಡು ಎಂದರೆ ಹುಲ್ಲಿಲ್ಲ, ಕಡ್ಡಿಯಿಲ್ಲ. ಮರಳಿನಲ್ಲಿ ಒಂದು ಗುಳಿ. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ನೋಡದೆ ಕಾಲಿಟ್ಟರೆ ಮುಗಿಯಿತು. ನಮ್ಮ ಕಡೆ ಚೈತ್ರದ ಮರಳಿನಲ್ಲಿ ಬರಿಗಾಲಿಟ್ಟರೆ ಬೊಬ್ಬೆ ಬರುತ್ತದೆ. ಆ ಮರಳಿನಲ್ಲಿ ಮೊಟ್ಟೆ ಬೇಯದೆ ಇರುವುದು ಹೇಗೆಂದು ಮೊದಲ ವರ್ಷ ನನಗೂ ಸೋಜಿಗವಾಗಿತ್ತು. ಹಕ್ಕಿ ಹೊಳೆಗೆ ಹೋಗಿ ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಒಂದು ಎದ್ದರೆ ಇನ್ನೊಂದು ಬರುತ್ತದೆ. ನಡುಮಧ್ಯಾಹ್ನ ಮೊಟ್ಟೆಯ ಮೇಲೆ ರೆಕ್ಕೆ ಅಗಲಿಸಿ, ಬಾಯಿ ಬಿಟ್ಟುಕೊಂಡು ನೆರಳಾಗಿ ನಿಂತಿರುತ್ತದೆ. ಮನುಷ್ಯರು ಹತ್ತಿರ ಬಂದರೆ ಎದ್ದು ಹಾರುತ್ತದೆ, ಅವರು ಹೋಗುವವರೆಗೂ ಕೆಳಗೆ ಇಳಿಯುವುದಿಲ್ಲ. ಅದಕ್ಕೇ ನಾವು ಬಿಸಿಲು ಏರುವ ಮುಂಚೆ ಎಣಿಸಿ ಹೊರಗೆ ಬಂದುಬಿಡುತ್ತಿದ್ದೆವು. ಉಳಿದ ಹೊತ್ತು ದೂರದ ಬಂಡೆಯ ಸಂದಿಯಲ್ಲಿ ಕುಳಿತು ದುರ್ಬೀನು ಹಾಕಿ ನೋಡುವುದು.

“ನರಿ ಬಂದರೆ ಒಂದೆರಡು ಗೂಡು ಹೋಗುತ್ತೆ ಅಜ್ಜಿ” ಎಂದು ಆಕೆ ಮೊದಲ ದಿನವೇ ಹೇಳಿದ್ದಳು. “ನಾವು ಮಧ್ಯಾಹ್ನ ಸುಮ್ಮನೆ ಅಲ್ಲಿ ನಿಂತರೆ ಸಾಕು, ಎಲ್ಲಾ ಹೋಗುತ್ತೆ.”

ಆಕೆ ಇಲ್ಲಿಗೆ ಬರುವ ಮುಂಚೆ ಸಮುದ್ರದ ನಡುವಿನ ದ್ವೀಪಗಳಲ್ಲಿ ಇದೇ ಕೆಲಸ ಮಾಡಿದವಳು. ಹಡಗಿನಲ್ಲಿ ಎರಡು ದಿನ ಹೋಗಿ, ಅಲ್ಲಿಂದ ಸಣ್ಣ ದೋಣಿ ಹಿಡಿಯಬೇಕಂತೆ. ಬರೀ ಮರಳು, ನಾಲ್ಕು ಗಿಡ, ಸಾವಿರಾರು ಹಕ್ಕಿ. ಕುಡಿಯುವ ನೀರನ್ನೂ ಕ್ಯಾನಿನಲ್ಲಿ ಹೊತ್ತುಕೊಂಡು ಹೋಗಬೇಕು.

“ಅಲ್ಲಿ ಮನುಷ್ಯಾರ ಇಲ್ಲೇನು?” ಎಂದು ಕೇಳಿದೆ.

“ಇಲ್ಲ ಅಜ್ಜಿ.”

“ನಾಯಿ?”

“ಇಲ್ಲ.”

“ಗುಡಿ?”

“ಅದೂ ಇಲ್ಲ” ಎಂದು ನಕ್ಕಳು.

“ಮನುಷ್ಯಾರು ಇಲ್ಲದ ಊರಾಗ ದೊಡ್ಡ ಕೆಲ್ಸ ಮಾಡೀನಿ ಅಂತೀಯಲ್ಲ ತಂಗಿ. ಇಲ್ಲಿ ಮಾಡಿ ತೋರ್ಸು.”

ತಮಾಷೆಗೆ ಅಂದ ಮಾತು ಅದು. ಕೊನೆಗೆ ಮಾಡಿ ತೋರಿಸಲಾಗದವಳು ಆಕೆಯಲ್ಲ, ನಾನು.

ಆಕೆ ಬಂದ ಮೂರನೆಯ ಬೇಸಿಗೆಯಲ್ಲಿ ಹಕ್ಕಿ ಭಾಳ ಬಂದವು. ಹಿಂದೆ ಅಷ್ಟು ನೋಡಿರಲಿಲ್ಲ. ಮರಳಿನ ನಡುವೆ ಕಾಲಿಡಲು ಜಾಗವಿಲ್ಲದ ಹಾಗೆ ಗೂಡುಗಳು. ಆಕೆ ಪ್ರತಿ ಗೂಡಿನ ಹತ್ತಿರ ಒಂದು ಚಪ್ಪಟೆ ಕಲ್ಲಿಟ್ಟು, ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಿದ್ದಳು. ಸುತ್ತ ಗೂಟ ನೆಟ್ಟು ಪ್ಲಾಸ್ಟಿಕ್ಕಿನ ಕಿತ್ತಳೆ ಪಟ್ಟಿ ಕಟ್ಟುತ್ತಿದ್ದಳು, ಎಮ್ಮೆ ಹೊಡೆದುಕೊಂಡು ಬರುವವರೂ ಮೀನಿನವರೂ ದೂರದಿಂದ ನೋಡಿ ಬಳಸಿ ಹೋಗಲಿ ಎಂದು. ಆ ವರ್ಷ ಪಟ್ಟಿ ಅರ್ಧ ಸುತ್ತಿಗೇ ಮುಗಿಯಿತು. ಆಕೆಯ ಮುಖ ಬಾಡಿತು. ಮಾರನೆಯ ದಿನ ಆಕೆ ಯಾವುದೋ ಸಭೆಗೆ ಬೆಂಗಳೂರಿಗೆ ಹೊರಟಿದ್ದಳು. ನಾನು ಕಣ್ಣಿನ ಪೊರೆ ತೋರಿಸಲು ಹೊಸಪೇಟೆಯ ಆಸ್ಪತ್ರೆಗೆ ಹೋಗುವುದಿತ್ತು. ನೀರು ಆಗಲೇ ಮೊಣಕಾಲಿಗೆ ಇಳಿದಿತ್ತು. ಅರ್ಧ ಬೇಲಿ ಬಿಟ್ಟು ಹೋದರೆ ಎಮ್ಮೆ ನುಗ್ಗುವುದು ಖಂಡಿತ.

“ಬಟ್ಟಿ ಆದ್ರ ನಡಿತೈತೇನು?” ಎಂದೆ.

“ಬಣ್ಣದ್ದಾದರೆ ಸಾಕು.”

ಮನೆಗೆ ಹೋಗಿ ಪೆಟ್ಟಿಗೆ ತೆಗೆದೆ. ಅದರಲ್ಲಿ ಖಣಗಳಿದ್ದವು. ನಮ್ಮಲ್ಲಿ ಮುತ್ತೈದೆಯರಿಗೆ ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಕೂಸಿನ ತೊಟ್ಟಿಲಲ್ಲಿ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು, ಎಲೆ ಅಡಿಕೆ, ಮೇಲೊಂದು ಕುಪ್ಪಸದ ಬಟ್ಟೆ. ಅದೇ ಖಣ. ಮದುವೆಯಾದ ದಿನದಿಂದ ಗಂಡ ಸಾಯುವವರೆಗೂ ನನ್ನ ಉಡಿಗೆ ಬಿದ್ದವು, ಹೊಲಿಸದೆ ಉಳಿದವು, ಹಸಿರು, ಕೆಂಪು, ಹಳದಿ. ಗಂಡ ಸತ್ತ ಮೇಲೆ ಯಾರೂ ನನಗೆ ಉಡಿ ತುಂಬಲಿಲ್ಲ. ಇದ್ದ ಖಣಗಳನ್ನು ನಾನು ತೊಡುವ ಹಾಗಿಲ್ಲ, ಇನ್ನೊಬ್ಬರಿಗೆ ಕೊಟ್ಟರೆ ನನ್ನ ಕೈಯಿಂದ ತೆಗೆದುಕೊಳ್ಳುವವರಿಲ್ಲ. ಹನ್ನೆರಡು ವರ್ಷ ಬೇವಿನ ಎಲೆಯ ನಡುವೆ ಬಿದ್ದಿದ್ದವು. ಒಂದೂ ಬಿಡದೆ ಗಂಟು ಕಟ್ಟಿಕೊಂಡು ಹೋದೆ. ಗೂಟದ ತುದಿಗೆ ಒಂದೊಂದು ಕಟ್ಟಿ, ಗಾಳಿಗೆ ಬೀಳದಿರಲಿ ಎಂದು ಬುಡಕ್ಕೆ ಕಲ್ಲು ಒಟ್ಟಿದೆ.

ಹಿಂದಕ್ಕೆ ಸರಿದು ನೋಡಿದಾಗಲೂ ನನಗೆ ತಿಳಿಯಲಿಲ್ಲ. ಹೊಳೆಯ ನಡುವೆ ಕಲ್ಲಿನ ಗುಪ್ಪೆ, ಅದರ ಮೇಲೆ ಖಣ, ಸುತ್ತ ಕೆಂಪು ಬಳಿದ ಕಲ್ಲು, ನಡುವೆ ಮೊಟ್ಟೆ. ಹುಡುಗಿಗೆ ತಿಳಿಯದಿದ್ದರೆ ತಪ್ಪಿಲ್ಲ. ಈ ಹೊಳೆಯ ದಡದಲ್ಲಿ ಹುಟ್ಟಿ, ವರ್ಷ ವರ್ಷ ಗಂಗಮ್ಮನಿಗೆ ಖಣ ಇಟ್ಟು ಕೈಮುಗಿದ ನನಗೆ ತಿಳಿಯಬೇಕಿತ್ತು. ನಾನು ಬಟ್ಟೆಯನ್ನು ಬಟ್ಟೆಯೆಂದೇ ನೋಡಿದೆ. ಹನ್ನೆರಡು ವರ್ಷ ಉಡಿ ತುಂಬಿಸಿಕೊಳ್ಳದಿದ್ದರೆ ಹಾಗಾಗುತ್ತದೆ. ಖಣ ಎಂದರೆ ಉಳಿದವರಿಗೆ ಏನು ಎಂಬುದು ಮರೆತೇ ಹೋಗುತ್ತದೆ.

ಆಸ್ಪತ್ರೆಯಲ್ಲಿ ಒಂದೇ ದಿನದ ಕೆಲಸ ಎಂದಿದ್ದರು, ಎರಡು ದಿನವಾಯಿತು. ತಿರುಗಿ ಬರುವಾಗ ಕಂಪ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ಮೊಬೈಲು ನೋಡುತ್ತಾ ಕೈಮುಗಿಯುತ್ತಿದ್ದಳು.

“ಯಾವೂರಬೇ ನಿಂದು?” ಎಂದಳು. ಹೇಳಿದೆ.

“ಪುಣ್ಯವಂತ್ರು ನೀವು! ನಿಮ್ಮೂರ ಹೊಳ್ಯಾಗ ಗಂಗಮ್ಮ ಎದ್ದಾಳ. ನೋಡಿಲ್ಲಿ, ಹಕ್ಕಿ ಹೆಂಗ ತಾಯಿಗೆ ಸುತ್ತು ಹಾಕಾಕತ್ಯಾವ!”

ಮೊಬೈಲನ್ನು ನನ್ನ ಕಣ್ಣ ಹತ್ತಿರ ಹಿಡಿದಳು. ಒಂದು ಕಣ್ಣಿಗೆ ಔಷಧಿ ಹಾಕಿದ್ದರು, ಇನ್ನೊಂದರಲ್ಲಿ ನೋಡಿದೆ. ಜನ ಗುಂಪಾಗಿ ನಿಂತಿದ್ದರು, ತೆಂಗಿನಕಾಯಿ, ಊದುಬತ್ತಿ. ಮೇಲೆ ಹಕ್ಕಿಗಳು ಕಿರುಚುತ್ತಾ ಸುತ್ತುತ್ತಿದ್ದವು. ಕೂರಲು ಜಾಗವಿಲ್ಲದೆ ಸುತ್ತುತ್ತಿದ್ದವು. ಮುಂದೆ ಗೂಟದ ಮೇಲೆ ನನ್ನ ಮದುವೆಯ ಕೆಂಪು ಖಣ ಪಟಪಟ ಹಾರುತ್ತಿತ್ತು.

“ಯಾವಾಗಿಂದಿದು?”

“ನಿನ್ನೆ ಮಧ್ಯಾಹ್ನದ್ದು. ಯಾಕಬೇ, ಮೈಯಾಗ ಆರಾಮಿಲ್ಲೇನು? ನೀರು ಕುಡಿ.”

ನೀರು ಕುಡಿದೆ.

ಊರಿಗೆ ಬಂದರೆ ಮನೆ ಕಟ್ಟೆಯ ಮೇಲೆ ನನ್ನ ನೆಗೆಣ್ಣಿ ಕಾಯುತ್ತಾ ಕುಳಿತಿದ್ದಳು. ನನ್ನ ಮೈದುನನ ಹೆಂಡತಿ. ಮೂವತ್ತು ವರ್ಷದಿಂದ ಗೋಡೆಗೆ ಗೋಡೆ ತಾಗಿದ ಮನೆ, ಜಗಳವಾಡಿದ್ದೇವೆ, ಒಂದೇ ಒರಳಿನಲ್ಲಿ ಖಾರ ಕುಟ್ಟಿದ್ದೇವೆ. ಪಕ್ಕದಲ್ಲಿ ಆಕೆಯ ಮಗಳು. ಅವಳನ್ನು ಸಂಡೂರಿನ ಬಂಡ್ರಿಗೆ ಕೊಟ್ಟಿದ್ದರು, ಗಂಡ ಗಣಿಯಲ್ಲಿ ಕೂಲಿ ಮಾಡುತ್ತಾನೆ. ಎರಡು ಬಸಿರು ನಿಂತಿರಲಿಲ್ಲ. ಇದು ಮೂರನೆಯದು, ಏಳು ತಿಂಗಳು ತುಂಬಿತ್ತು. ಅತ್ತೆಯ ಮನೆಯವರು ಆಡಿಕೊಳ್ಳಲು ಶುರುಮಾಡಿದ್ದರು. ತವರಿಗೆ ಬಂದಾಗಿನಿಂದ ಆ ಹುಡುಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಂದು ನಗುತ್ತಿದ್ದಳು.

“ಅಕ್ಕಾ, ದಿನಾ ಅಲ್ಲೇ ಹೋಗಿ ಕುಂದ್ರತಿದ್ದಿ, ನಿನಗ ತಾಯಿ ಕಾಣ್ಲಿಲ್ಲಲ್ಲ!” ಎಂದಳು ನೆಗೆಣ್ಣಿ.

“ನನ್ ಕಣ್ಣಾಗ ಪೊರೆ ಐತಿ.”

“ಅದಕ್ಕ! ಕೇಳಿಲ್ಲಿ. ನಾಳೆ ಮಧ್ಯಾಹ್ನ ಹನ್ನೆರಡಕ್ಕ ಇಕಿ ಕುಬಸ ಅಲ್ಲೇ ಮಾಡೂದು. ತಾಯಿ ಮುಂದ, ಮೊಟ್ಟಿ ನಡುವ ಕುಂದ್ರಿಸಿ ಉಡಿ ತುಂಬತೀನಿ. ಅಷ್ಟ್ ಮೊಟ್ಟಿ ಕಾಯೋ ತಾಯಿಗೆ ನನ್ ಮಗಳ ಒಂದ್ ಕೂಸು ಕಾಯೂದು ಭಾರ ಏನು?”

ಆಗಲೇ ಹೇಳಬೇಕಿತ್ತು. ನಾಲಿಗೆಗೆ ಬಂದಿತ್ತು. ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. “ಬಿಸ್ಲು ಭಾಳ ಐತಿ, ಬಸರಿ ಹುಡುಗಿ, ಮನ್ಯಾಗ ಮಾಡ್ರಿ” ಎಂದೆ. ಅಷ್ಟೇ ಎಂದೆ.

“ತಾಯಿ ಇದ್ದಲ್ಲಿ ಎಂಥಾ ಬಿಸ್ಲು” ಎಂದು ನೆಗೆಣ್ಣಿ ಎದ್ದು ಹೋದಳು.

ಸಂಜೆ ಹಕ್ಕಿ ಹುಡುಗಿಗೆ ಫೋನು ಮಾಡಿ ಆದದ್ದನ್ನೆಲ್ಲ ಹೇಳಿದೆ. ರಾತ್ರಿಯೇ ಹೊರಟು ಬರುತ್ತೇನೆ, ಬೆಳಿಗ್ಗೆಯೇ ಎಲ್ಲಾ ಕಿತ್ತುಬಿಡೋಣ ಎಂದಳು.

ಬೆಳಕು ಹರಿಯುವಾಗ ನಾವು ಗಡ್ಡೆಯ ಮೇಲಿದ್ದೆವು. ನಮಗಿಂತ ಮುಂಚೆ ಜನ ಬಂದಿದ್ದರು. ಹೊಸಪೇಟೆಯಿಂದ ಆಟೋ ಮಾಡಿಕೊಂಡು ಬಂದವರು, ಕಂಪ್ಲಿಯವರು, ನಮ್ಮವರು. ಮರಳಿನಲ್ಲಿ ಮಂಡಕ್ಕಿ, ಅಕ್ಕಿ, ಕಾಯಿ ಚೂರು ಚೆಲ್ಲಿದ್ದವು. ಕಾಗೆಗಳು ಇಳಿದಿದ್ದವು. ಹುಡುಗಿ ಒಬ್ಬೊಬ್ಬರ ಮುಂದೆಯೂ ನಿಂತು ಕೈಮುಗಿದು ಹೇಳಿದಳು. ಇಲ್ಲಿ ದೇವರಿಲ್ಲ, ನಾನೇ ಕಟ್ಟಿದ ಗುರುತು, ದಯಮಾಡಿ ಹೊರಗೆ ಬನ್ನಿ ಎಂದಳು. ಅವರೂ ಮರ್ಯಾದೆಯಿಂದಲೇ ಮಾತಾಡಿದರು.

“ನೀವು ಕಟ್ಟಿರ್ಬೋದ್ರಿ ಮೇಡಂ” ಎಂದ ಒಬ್ಬ ಮುದುಕ. “ಕಟ್ಟಿಸಿದಾಕಿ ಯಾರು? ತಾಯಿ ತಾನ ಬಂದು ಗೂಟ ಹೊಡಿತಾಳೇನು?”

“ಮೊಟ್ಟೆ ಬೇಯ್ತಾ ಇದೆ ಸರ್, ಹಕ್ಕಿ ಕೂರಬೇಕು.”

“ನಾವೇನ್ ಮುಟ್ಟಂಗಿಲ್ರಿ. ಅವು ತಾಯಿ ಮಕ್ಳು. ನೋಡ್ರಿ, ಹೆಂಗ ಕಾಲು ಇಡಾಕತ್ತೀವಿ.”

ನಿಜ. ಒಬ್ಬರೂ ಒಂದು ಮೊಟ್ಟೆ ತುಳಿಯಲಿಲ್ಲ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದರು. ಹುಡುಗಿ ಫೋನು ಮಾಡಿ ಕರೆಸಿದ ಅರಣ್ಯದ ಗಾರ್ಡು ಬಂದ. ಬಂದವನು ಮೊದಲು ಬೂಟು ಬಿಚ್ಚಿದ. “ದೇವ್ರ ವಿಚಾರ ಮೇಡಂ, ನಾ ಕೈ ಹಾಕಂಗಿಲ್ಲ, ಸಾಹೇಬರಿಗೆ ತಿಳಿಸ್ತೀನಿ” ಎಂದು ಬಂಡೆಯ ನೆರಳಿಗೆ ಹೋಗಿ ಕುಳಿತ. ಹುಡುಗಿ ತಾನೇ ಒಂದು ಖಣಕ್ಕೆ ಕೈ ಹಾಕಿದಾಗ ನಾಲ್ಕು ಹೆಂಗಸರು ಆಕೆಯ ಕೈ ಹಿಡಿದುಕೊಂಡರು. ಬೈಯಲಿಲ್ಲ, ಹೊಡೆಯಲಿಲ್ಲ, ಹಿಡಿದು ನಿಂತರು.

ಬಿಸಿಲು ಏರಿತು. ಹಕ್ಕಿಗಳ ಕೂಗು ಮಾತ್ರ ನಿಲ್ಲಲಿಲ್ಲ. ಕೆಲವು ಹೊಟ್ಟೆ ತೋಯಿಸಿಕೊಂಡು ಬಂದು, ಇಳಿಯಲಾರದೆ, ಜನರ ತಲೆಯ ಮೇಲೆಯೇ ನೀರು ಉದುರಿಸಿ ಹೋಗುತ್ತಿದ್ದವು. ತಲೆಯ ಮೇಲೆ ಹನಿ ಬಿದ್ದವರು ತೀರ್ಥವೆಂದು ಕಣ್ಣಿಗೊತ್ತಿಕೊಂಡರು.

ಹನ್ನೊಂದು ದಾಟಿದ ಮೇಲೆ ನೆಗೆಣ್ಣಿ ಮಗಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಬಂದಳು. ಹಸಿರು ಸೀರೆ, ಕೈತುಂಬಾ ಹಸಿರು ಬಳೆ, ತಲೆತುಂಬಾ ಮಲ್ಲಿಗೆ. ಗೂಡುಗಳ ನಡುವೆ ಚಾಪೆ ಹಾಸಿ, ಮೇಲೆ ಕೊಡೆ ಹಿಡಿದು ಕೂರಿಸಿದರು. ಐದು ಜನ ಮುತ್ತೈದೆಯರು ಸುತ್ತ ನಿಂತರು. ನಾನು ದೂರ ನಿಂತೆ, ಅಂಥ ಕಡೆ ನಾನು ದೂರವೇ ನಿಲ್ಲಬೇಕು. ಅರಿಸಿನ ಕುಂಕುಮ ಆಯಿತು. ಅಕ್ಕಿ ಹಾಕಿದರು, ಕೊಬ್ಬರಿ ಹಾಕಿದರು. ಮನೆಯಿಂದ ತಂದ ಖಣ ತಟ್ಟೆಯಲ್ಲೇ ಇತ್ತು. ನೆಗೆಣ್ಣಿ ಅದನ್ನು ಬಿಟ್ಟು ಗೂಟದ ಹತ್ತಿರ ಹೋದಳು. “ತಾಯಿ ಖಣಾನ ಹಾಕ್ತೀನಿ” ಎಂದು ಹಸಿರು ಖಣದ ಗಂಟು ಬಿಚ್ಚತೊಡಗಿದಳು.

ನಾನು ಗುಂಪಿನೊಳಗೆ ನುಗ್ಗಿ ಆಕೆಯ ಕೈ ಹಿಡಿದೆ.

“ಬಿಡು. ಅದು ನನ್ ಖಣ.”

“ಏನಂದಿ?”

“ನನ್ ಪೆಟಗ್ಯಾಗಿಂದು. ಇಲ್ಲಿರೋವೆಲ್ಲಾ ನನ್ವ. ಗಂಡ ಸತ್ತ ಮುಂಡಿ ಪೆಟಗ್ಯಾಗ ಹನ್ನೆರಡು ವರ್ಷ ಬಿದ್ದಿದ್ವು. ಮೂರು ದಿನದ ಹಿಂದ ನಾನ ಈ ಕೈಲೇ ಕಟ್ಟೀನಿ.”

“ಸುಳ್ಳು ಹೇಳಬ್ಯಾಡಕ್ಕಾ. ಇವತ್ತ ಬ್ಯಾಡ.”

“ನಿನ್ ಕೈಯಾಗಿರೋದು ನಿನ್ ಮದುವ್ಯಾಗ ನಿನ್ ತವರಿನೋರು ನನ್ ಉಡ್ಯಾಗ ಹಾಕಿದ್ದು. ಅಂಚು ತಿರುವಿ ನೋಡು, ದೀಪದೆಣ್ಣಿ ಚೆಲ್ಲಿ ಕಲೆ ಆಗೈತಿ. ಎಣ್ಣಿ ಚೆಲ್ಲಿದಾಕಿ ನೀನ.”

ಆಕೆ ಅಂಚು ತಿರುವಿದಳು. ನೋಡಿದಳು. ಬೆಂಕಿ ಮುಟ್ಟಿದ ಹಾಗೆ ಕೈ ಬಿಟ್ಟಳು.

ಹಕ್ಕಿಗಾಗಿ ಹೇಳಿದೆನೋ ಬಸುರಿಗಾಗಿ ಹೇಳಿದೆನೋ ಎಂದು ಆಮೇಲೆ ಹಲವರು ಕೇಳಿದರು. ಎರಡಕ್ಕೂ ಹೇಳಿದೆ. ವಿಧವೆಯ ಬಟ್ಟೆಯಿಂದ ಬಸಿರು ಕೆಡುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ನನ್ನ ಕೈಯ ಅಡುಗೆ ಉಂಡು ಬೆಳೆದ ಮಕ್ಕಳು ಊರ ತುಂಬಾ ಇದ್ದಾರೆ. ಆದರೆ ಅವರು ನಂಬುತ್ತಾರೆ. ಹಕ್ಕಿ ಹುಡುಗಿ ಕೈಮುಗಿದು ಹೇಳಿದ ಮಾತಿಗೆ ಕದಲದ ಜನ ನಾನು ಮುಂಡೆ ಎಂದೊಡನೆ ಕದಲಿದರು. ನನ್ನನ್ನು ದೂರ ನಿಲ್ಲಿಸಿದ ನಂಬಿಕೆಯನ್ನೇ ಹಿಡಿದು ನಾನು ಅವರನ್ನು ಓಡಿಸಿದೆ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ.

“ಥೂ” ಎಂದಳು ಒಬ್ಬಳು.

“ಹಕ್ಕಿ ಕಾಯಾಕ ಹೋಗಿ ಮನಿ ಮುರದ್ಲು ನೋಡ್ರಿ.”

“ಸಾಯೋ ಕಾಲಕ್ಕ ಬುದ್ಧಿ ಹಿಂಗಾಗ್ತೈತಿ.”

ಮುತ್ತೈದೆಯರು ಬಸುರಿಯ ಸೆರಗು ಕೊಡವಿ ಎಬ್ಬಿಸಿದರು. ಅಕ್ಕಿ ಮರಳಿಗೆ ಬಿತ್ತು. ಹುಡುಗಿ ಅಳಲಿಲ್ಲ. ನನ್ನ ಮುಂದೆ ಹಾದು ಹೋಗುವಾಗ ನಿಂತು, “ದೊಡ್ಡವ್ವಾ, ನಿನ್ನೆ ನಿನ್ ಮುಂದ ಕುಂತಿದ್ನೆಲ್ಲ. ಆಗ ಹೇಳಬಾರದಾಗಿತ್ತಾ?” ಎಂದಳು.

ನಾನು ಅವಳ ದಾರಿ ಬಿಟ್ಟು ಸರಿದು ನಿಂತೆ.

ಎಲ್ಲರೂ ಹೊಳೆಯಲ್ಲಿ ಕಾಲು ತೊಳೆದುಕೊಂಡು ದಾಟಿದರು. ಅರ್ಧ ತಾಸಿನಲ್ಲಿ ಗಡ್ಡೆ ಖಾಲಿಯಾಯಿತು. ನಾನೂ ಹಕ್ಕಿ ಹುಡುಗಿಯೂ ಗೂಟಗಳನ್ನು ಕಿತ್ತೆವು, ಕೈಗೆ ಸಿಕ್ಕಷ್ಟು ಕಾಯಿ ಚೂರು ಮಂಡಕ್ಕಿ ಆಯ್ದೆವು, ಬಂಡೆಯ ಹಿಂದೆ ಹೋಗಿ ಕುಳಿತೆವು. ಹಕ್ಕಿಗಳು ಇಳಿದವು. ಒಂದೊಂದೂ ತನ್ನ ತನ್ನ ಗುಳಿಗೆ ತಪ್ಪದೆ ಹೋಗಿ, ಹೊಟ್ಟೆ ತೋಯಿಸಿಕೊಂಡು ಬಂದು, ಕೂತುಕೊಂಡವು. ಏನೂ ಆಗಿಲ್ಲವೇನೋ ಎನ್ನುವ ಹಾಗೆ ಕೂತವು.

ನಂಬರಿನ ಪುಸ್ತಕ ನನ್ನ ಕೈಯಲ್ಲೇ ಇತ್ತು. ಮರಿ ಒಡೆಯಬೇಕಾದ ದಿನಗಳು ಬಂದವು, ಕಳೆದವು. ನಡುವಿನ ಗೂಡುಗಳಲ್ಲಿ ಒಂದೂ ಒಡೆಯಲಿಲ್ಲ. ಹಕ್ಕಿಗಳು ದಿನ ಮುಗಿದ ಮೇಲೂ ಒಂದು ವಾರ ಕೂತಿದ್ದವು, ಆಮೇಲೆ ಒಂದೊಂದಾಗಿ ಬಿಟ್ಟು ಎದ್ದವು. ಹಕ್ಕಿ ಹುಡುಗಿ ಒಂದು ಮೊಟ್ಟೆ ಒಡೆದು ನೋಡಿದಳು. ಒಳಗೆ ಮರಿ ಆಗಿತ್ತು, ಕೊಕ್ಕು ಮೂಡಿತ್ತು, ಬೆಂದು ಗಟ್ಟಿಯಾಗಿತ್ತು. ಎಷ್ಟೋ ಕೋಳಿ ಕುಯ್ದ ಕೈ ನನ್ನದು, ಅದನ್ನು ನೋಡಲು ಆಗಲಿಲ್ಲ. ಜನ ಹೋಗದ ಕೆಳತುದಿಯ ಬಂಡೆಯ ಮರೆಯಲ್ಲಿ ಎಂಟು ಗೂಡುಗಳಿದ್ದವು. ಆ ಎಂಟರಲ್ಲಿ ಮರಿ ಬಂದವು. ಉಳಿದ ನಂಬರಿನ ಮುಂದೆ ನಾನು ಸೊನ್ನೆ ಹಾಕುತ್ತಾ ಹೋದೆ. ಒಂದು ಪುಟ ತುಂಬಿತು, ಇನ್ನೊಂದು ಪುಟ ತುಂಬಿತು.

ಕೊನೆಯ ದಿನ ಆಕೆ ವರದಿ ಬರೆಯುತ್ತಾ ನಮ್ಮ ಮನೆ ಕಟ್ಟೆಯ ಮೇಲೆ ಕುಳಿತಿದ್ದಳು. ಏನು ಬರೆದಿ, ಓದು ಎಂದೆ. ಸ್ಥಳೀಯ ಜನರ ಪೂಜೆಯ ಕಾರಣದಿಂದ ಗೂಡುಗಳು ನಾಶವಾದವು ಎಂದು ಬರೆದಿದ್ದಳು.

“ಪೂಜೆ ಮಾಡಿಸಿದೋರು ನಾವಲ್ಲೇನು? ಖಣ ನಂದು, ಗೂಟ ನಿಂದು. ಅದನ್ನ ಬರಿ.”

“ಹಾಗೆ ಬರೆದರೆ ಮುಂದಿನ ವರ್ಷ ನನಗೆ ಪರವಾನಗಿ ಸಿಗೋದು ಕಷ್ಟ ಅಜ್ಜಿ. ನಾನೇ ಕೆಡಿಸಿದೆ ಅಂತಾರೆ.”

“ಕೆಡಿಸಿದ್ದು ಖರೇ ಐತಲ್ಲ. ನಮ್ ಜನರ ಹೆಸರು ಹಾಕಿದ್ರ ನಾಳೆ ಯಾರೋ ಸಾಹೇಬ ಬಂದು ಹೊಳಿಗೆ ಬೇಲಿ ಹಾಕ್ತಾನ. ನಮ್ಮೋರಿಗೆ ನೀರಿಗೆ ಇಳ್ಯಾಕ ದಾರಿ ಇರಂಗಿಲ್ಲ.”

“ನೀವು ಹೇಳೋದು ಸರಿ. ಆದರೆ...”

“ನಿನ್ ಆದ್ರ ನಿನ್ ಹತ್ರ ಇಟ್ಕೋ. ಸುಳ್ಳು ಬರದು ಬಂದ್ರ ನಾ ಹರಗೋಲು ಹಾಕಂಗಿಲ್ಲ.”

ಆಕೆ ಆ ಸಾಲು ಹೊಡೆದು ಬೇರೆ ಬರೆದಳು. ಓದಿ ಹೇಳಿದಳು. ಗುರುತಿಗೆ ಕಟ್ಟಿದ ಬಟ್ಟೆ ಈ ಕಡೆ ದೇವರಿಗೆ ಅರ್ಪಿಸುವ ಬಟ್ಟೆಯಾಗಿತ್ತು, ಅದನ್ನು ತಿಳಿಯದೆ ಕಟ್ಟಿದ್ದು ನಮ್ಮ ತಪ್ಪು ಎಂದು ಇತ್ತು. “ತಿಳಿಯದೆ ಅನ್ನೋದು ನಿನಗ ಸರಿ, ನನಗಲ್ಲ” ಎಂದೆ. ಅದನ್ನು ಆಕೆ ತಿದ್ದಲಿಲ್ಲ. ಆಕೆಗೆ ಪರವಾನಗಿ ಸಿಕ್ಕಿತೋ ಇಲ್ಲವೋ ನಾನಿದನ್ನು ಹೇಳುವ ಹೊತ್ತಿಗೆ ಇನ್ನೂ ತಿಳಿದಿಲ್ಲ.

ಕುಬಸವನ್ನು ಮನೆಯಲ್ಲೇ ಮತ್ತೊಮ್ಮೆ ಮಾಡಿದರು. ಆ ದಿನ ನಾನು ಬಾಗಿಲು ಮುಂದಕ್ಕೆಳೆದುಕೊಂಡು ಒಳಗಿದ್ದೆ. ಗೋಡೆಯಾಚೆ ಹಾಡು ಕೇಳುತ್ತಿತ್ತು. ಅಲ್ಲಿಂದ ಹೆರಿಗೆಯವರೆಗೆ ನೆಗೆಣ್ಣಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬಸುರಿ ಹುಡುಗಿಗೆ ಒಂದು ದಿನ ಕಾಲು ಬಾತುಕೊಂಡಿತು, ಕಂಪ್ಲಿಗೆ ಕರೆದುಕೊಂಡು ಹೋದರು. ಇನ್ನೊಂದು ದಿನ ರಾತ್ರಿಯೆಲ್ಲ ನೋವೆಂದಳಂತೆ. ಪ್ರತಿ ಸಲವೂ ಓಣಿಯ ಹೆಂಗಸರು ಮೊದಲು ನನ್ನ ಬಾಗಿಲ ಕಡೆ ನೋಡುತ್ತಿದ್ದರು. ಈ ಕೂಸೂ ಹೋಗಿದ್ದರೆ ಕೊಂದವಳು ನಾನೇ ಆಗುತ್ತಿದ್ದೆ. ಆ ಎರಡು ತಿಂಗಳು ನಾನು ದೇವರನ್ನು ಏನೂ ಕೇಳಿಕೊಳ್ಳಲಿಲ್ಲ. ಕೇಳುವ ಮುಖ ಇರಲಿಲ್ಲ. ಗೋಡೆಗೆ ಕಿವಿಯಿಟ್ಟು ಹುಡುಗಿ ಕೆಮ್ಮಿದ್ದನ್ನು, ನೀರು ಕೇಳಿದ್ದನ್ನು ಆಲಿಸುತ್ತಿದ್ದೆ.

ಮಳೆಗಾಲದ ಮೊದಲಲ್ಲಿ ಹೆಣ್ಣು ಕೂಸು ಹುಟ್ಟಿತು. ಹಾಲು ಹಾಕುವವಳು ಹೇಳಿದಳು. ತೊಟ್ಟಿಲಿಗೆ ಓಣಿಯವರನ್ನೆಲ್ಲ ಕರೆದರು, ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ ಹೊಳೆ ತುಂಬಿತು, ಗಡ್ಡೆ ಮುಳುಗಿತು. ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಇಳಿದಿದ್ದೆ. ನೆಗೆಣ್ಣಿ ಬುಟ್ಟಿ ಹೊತ್ತುಕೊಂಡು ಬಂದಳು. ಬುಟ್ಟಿಯ ತುಂಬಾ ಕೂಸಿನ ಬಟ್ಟೆ, ಬಾಣಂತಿಯ ಸೀರೆ. ನನ್ನನ್ನು ನೋಡಿ ನಿಂತಳು. ನಾನು ಕುಳಿತಿದ್ದ ಕಲ್ಲು ನೀರಿನ ಮೇಲ್ಗಡೆ ಇತ್ತು. ನಾನು ಒಗೆದ ನೀರು ಆಕೆಯ ಕಲ್ಲಿನ ಕಡೆಗೇ ಹರಿಯುತ್ತಿತ್ತು. ನಾನೇ ಬಟ್ಟೆ ಎತ್ತಿಕೊಂಡು, ಆಕೆಯನ್ನು ದಾಟಿ ಹೋಗಿ ಕೆಳಗಿನ ಕಲ್ಲಿನ ಮೇಲೆ ಕುಳಿತೆ.

ಇಬ್ಬರೂ ಒಗೆದೆವು. ಸ್ವಲ್ಪ ಹೊತ್ತಿಗೆ ಒಂದು ಕುಂಚಿಗೆ ಆಕೆಯ ಕೈ ತಪ್ಪಿ ತೇಲುತ್ತಾ ಬಂತು. ಕೂಸಿನ ತಲೆಗೆ ಕಟ್ಟುವ ಸಣ್ಣ ಕುಂಚಿಗೆ. ಹೊಳೆ ಜೋರಾಗಿತ್ತು, ಬಿಟ್ಟರೆ ಹೋಗುತ್ತಿತ್ತು. ನಾನು ಸೊಂಟದವರೆಗೆ ಇಳಿದು ಹಿಡಿದೆ. ಹಿಂಡಿ, ಇಬ್ಬರ ನಡುವಿದ್ದ ಕಲ್ಲಿನ ಮೇಲೆ ಇಟ್ಟು, ಹಿಂದಕ್ಕೆ ಬಂದೆ.

“ಕೂಸು ಚಲೋ ಐತೇನು?” ಎಂದೆ.

“ಐತಿ” ಎಂದಳು. “ನಿನ್ ಹಂಗ ಭಾಳ ಬಾಯಿ ಮಾಡ್ತೈತಿ.”

ಕುಂಚಿಗೆ ಎತ್ತಿಕೊಂಡಳು. ಹರಿಯುವ ನೀರಿನಲ್ಲಿ ಎರಡು ಸಲ ಜಾಲಿಸಿ ತೊಳೆದಳು. ಮೂರನೆಯ ಸಲ ಅದ್ದಲು ಹೋಗಿ, ನನ್ನ ಕಡೆ ನೋಡಿ, ಹಿಂಡಿ ಬುಟ್ಟಿಗೆ ಹಾಕಿದಳು.